ಪುಟ್ಟಣ್ಣನವರ ಟಿವಿಯೂ ಸಾರ್ವಜನಿಕ ಮಂಗಗಳೂ

ಹಲಸಿನಕೊಡಿಗೆ ಪಂಚಾಯಿತಿ ವ್ಯಾಪ್ತಿಯಲ್ಲಿ ಯಾರೇ ಆಗಲಿ, ಮಂಗಗಳ ಒಪ್ಪಿಗೆಯಿಲ್ಲದೆ ಸ್ವಂತ ಟಿವಿಯನ್ನು ಬಿಟ್ಟುಕೊಡುವಂತಿಲ್ಲ. ಈ ನಿಯಮ ಮೊದಲಿನಿಂದ ಇದ್ದದ್ದಲ್ಲ. ಪುಟ್ಟಣ್ಣನವರು ಟಿವಿ ಬಿಡಲು ಹೊರಟ ದಿನ ಹುಟ್ಟಿದ್ದು.

ಪುಟ್ಟಣ್ಣ ಸಾಮಾನ್ಯ ಆಸಾಮಿಯಲ್ಲ. ತುಂಗೆಗೆ ನೆರೆ ಬಂದಾಗ ಮೊಸಳೆ ಬೆನ್ನ ಮೇಲೆ ಕೂತು ತೀರ್ಥಹಳ್ಳಿ ಪೇಟೆಗೆ ಹೋಗಿ, ಉಪ್ಪು ತಗೊಂಡು, ಅದೇ ಮೊಸಳೆಯಲ್ಲಿ ವಾಪಸು ಬಂದವರು. ಉಪ್ಪು ಒದ್ದೆಯಾಗಿರಲಿಲ್ಲ. ಇದನ್ನು ಕೇಳಲು ಹಿಂದೆಲ್ಲ ಮೇಳಿಗೆಯಿಂದ ಜನ ಬಸ್ಸು ಹತ್ತಿ ಬರುತ್ತಿದ್ದರು. ಟಿವಿ ಬಂದ ಮೇಲೆ ಹೆಂಡತಿ ಸುಬ್ಬಲಕ್ಷ್ಮಮ್ಮನೂ ಕೇಳುವುದು ಬಿಟ್ಟರು.

"ಸ್ವಲ್ಪ ಸುಮ್ನಿರಿ, ಅತ್ತೆ ಸೊಸೆಯ ಹಾಲಿಗೆ ವಿಷ ಹಾಕ್ತಿದಾಳೆ."

"ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲಾ ನಾನಿರ್ಬೇಕು!" ಎಂದರು ಪುಟ್ಟಣ್ಣ.

ಸುಬ್ಬಲಕ್ಷ್ಮಮ್ಮ ಜಾಹೀರಾತು ಮುಗಿಯುವವರೆಗೂ ಯೋಚಿಸಿದರು. "ನಾಳೆ ಹೇಳ್ತೀನಿ."

ಪುಟ್ಟಣ್ಣ ಕಾಯಲಿಲ್ಲ. ಬೆಳಿಗ್ಗೆಯೇ ಟಿವಿಯನ್ನು ಹುಂಚದ ನೆಂಟರಿಗೆ ಕೊಡಲೆಂದು ಆಟೋಕ್ಕೆ ಹೇರಿದರು. ಪಕ್ಕದ ಮನೆ ಕನ್ನಪ್ಪ ಓಡಿಬಂದು ಆಟೋಕ್ಕೆ ಅಡ್ಡ ಮಲಗಿದ.

"ಎಂತ ಮಾರಾಯ್ರೆ, ನನ್ನ ಬಾಳೆತೋಟ ತೆಗಿಬೇಕು ಅಂತ ಮಾಡೀರಾ?"

ಅವನು ಹೇಳಿದ್ದು ನಿಜ. ಊರಿನ ಮಂಗಗಳೆಲ್ಲ ಬೆಳಗಿನಿಂದ ಸಂಜೆವರೆಗೆ ಪುಟ್ಟಣ್ಣನವರ ಕಿಟಕಿಯಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದವು. ಅಷ್ಟು ಹೊತ್ತೂ ಯಾರ ಬಾಳೆಗೊನೆಯನ್ನೂ ಮುಟ್ಟುತ್ತಿರಲಿಲ್ಲ.

ಟಿವಿಯನ್ನು ಇಳಿಸಿ ಮತ್ತೆ ಮನೆಯೊಳಗೆ ಹಚ್ಚಿಟ್ಟ ಮೇಲೆ ಪಂಚಾಯಿತಿ ತುರ್ತು ಸಭೆ ಸೇರಿತು. ಹಾಜರಾಗುವ ಮಂಗಗಳಿಗೆಂದು ಬಾಳೆಹಣ್ಣು ತರಿಸಲಾಗಿತ್ತು. ಮಂಗಗಳು ಧಾರಾವಾಹಿ ಬಿಟ್ಟು ಬರಲಿಲ್ಲವಾದ್ದರಿಂದ, ಕಡತ ಮುಗಿಸುವ ದೃಷ್ಟಿಯಿಂದ ಸದಸ್ಯರೇ ತಿಂದರು. ಪಿಡಿಒ ಸುಮನಾ ನಿರ್ಣಯ ಓದಿದರು:

"ಸದರಿ ಟಿವಿಯು ಮಂಗ ನಿಯಂತ್ರಣದ ಸಾರ್ವಜನಿಕ ಸೌಲಭ್ಯ. ಮಾಲೀಕರು ನೋಡುವುದನ್ನು ಬಿಡಬಹುದು, ಮಂಗಗಳ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳುವುದನ್ನು ಬಿಡತಕ್ಕದ್ದಲ್ಲ."

"ಕರೆಂಟ್ ಹೋದ್ರೆ ಮೇಡಂ?"

"ಬದಲಿ ವ್ಯವಸ್ಥೆ ಮಾಲೀಕರದ್ದೇ, ಪುಟ್ಟಣ್ಣನೋರೆ."

ಮೊದಲ ಗುಡುಗಿಗೇ ಕರೆಂಟ್ ಹೋಯಿತು. ಮಂಗಗಳು ಎದ್ದು ಕನ್ನಪ್ಪನ ತೋಟದ ಕಡೆ ಮುಖ ಮಾಡಿದವು. ಪುಟ್ಟಣ್ಣ ಟಿವಿಯನ್ನು ಪಕ್ಕಕ್ಕೆ ಸರಿಸಿ, ಅದರ ಮೇಜಿನ ಮೇಲೆ ತಾವೇ ಹತ್ತಿ ಕೂತರು. "ತುಂಗೆಗೆ ಆ ವರ್ಷ ಎಂಥಾ ನೆರೆ ಅಂತೀರಿ..."

ಮಂಗಗಳು ಕೂತವು. ಮೊಸಳೆ ಪೇಟೆ ಮುಟ್ಟುವಾಗ ಕಿಚಕಿಚ ಎಂದ ಮರಿಗೆ ತಾಯಿಮಂಗ ಒಂದು ಬಿಟ್ಟಿತು. ಅಷ್ಟರಲ್ಲಿ ಕರೆಂಟ್ ಬಂದು ಟಿವಿ ತಾನಾಗಿಯೇ ಕಿರುಚಿತು. ಮುದಿ ಗಡವವೊಂದು ಒಳಗೆ ಬಂದು, ಪ್ಲಗ್ ಕಿತ್ತು, ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಿತು.

ಇದನ್ನೇ ಮಂಗಗಳ ಒಪ್ಪಿಗೆಯೆಂದು ಪರಿಗಣಿಸಿ ಪಂಚಾಯಿತಿ ನಿರ್ಣಯ ತಿದ್ದಿತು: ಟಿವಿಯನ್ನು ಬಿಡಬಹುದು, ಪುಟ್ಟಣ್ಣನವರನ್ನು ಬಿಡುವಂತಿಲ್ಲ. ಮಂಗಗಳಿಗೆ ಮೈ ಕೆರೆದುಕೊಳ್ಳುವ ರೂಢಿಯಿರುವುದರಿಂದ ಕಥೆಯ ನಡುನಡುವೆ ಸೋಪಿನ ಜಾಹೀರಾತು ಕಡ್ಡಾಯ.

ಟಿವಿ ಹುಂಚದ ನೆಂಟರ ಮನೆ ಸೇರಿತು. ಪುಟ್ಟಣ್ಣ ಬೆಳಿಗ್ಗೆ ಮೇಜು ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಸುಬ್ಬಲಕ್ಷ್ಮಮ್ಮನೂ ಈಗ ಮಂಗಗಳ ಪಕ್ಕ ಕೂತು, ಅಕ್ಕಿ ಆರಿಸುತ್ತ ಕೇಳುತ್ತಾರೆ. ಮೊನ್ನೆ ಮೊಸಳೆ ನಡುನೀರಿನಲ್ಲಿ ಮುಳುಗತೊಡಗಿದಾಗ ಅವರಿಗೆ ತಡೆಯಲಾಗಲಿಲ್ಲ.

"ಹೌದೇನ್ರಿ, ಉಪ್ಪು ಒದ್ದೆಯಾಯ್ತಾ?"

"ನಾಳೆ ಹೇಳ್ತೀನಿ" ಎಂದರು ಪುಟ್ಟಣ್ಣ.

ಮಂಗಗಳು ಎದ್ದು ಹೋದವು. ಸುಬ್ಬಲಕ್ಷ್ಮಮ್ಮ ಟಿವಿಗೆಂದು ತಾವೇ ಕಸೂತಿ ಹಾಕಿದ್ದ ಬಟ್ಟೆ ತಂದು, ಧೂಳು ಕೂರದ ಹಾಗೆ, ಗಂಡನ ತಲೆ ಮೇಲೆ ಹೊದಿಸಿದರು.