ಟವೆಲ್ ಇಲ್ಲದ ದೇಶದ ವ್ಯಾಪಾರ

"ಇವತ್ತೂ ಮುಗೀಲಿಲ್ಲಲೇ! ಇದ್ರಾಗ ಏನೋ ಐತಿ!"

ತಿಕೋಟಾ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಮ್ಮ ಕಾಕಾ ಮೊಬೈಲನ್ನು ಬೆಂಚಿನ ಮೇಲೆ ಕುಕ್ಕಿದ. ಪಕ್ಕದಲ್ಲಿ ಕೂತಿದ್ದವನ ಕೈಯ ಭಜಿ ಸೀದಾ ಚಹಾದೊಳಗೆ ಬಿತ್ತು. ಯಾವುದೋ ಹೊಲದ ತಂಟೆ ಇರಬೇಕೆಂದುಕೊಂಡ ಪಾಪ, "ಯಾರ ಹೊಲಾ ಯಾರು ಒತ್ತ್ಯಾರ್ರಿ?" ಎಂದು ಕೇಳಿದ.

"ಹೊಲಾ ಅಲ್ಲೋ ಯಪ್ಪಾ, ಬಾಸ್ಕೆಟ್‌ಬಾಲ್! ಅಮೇರಿಕಾದ್ದು!"

ಅವನು ಭಜಿಯನ್ನೂ ಚಹಾವನ್ನೂ ಅಲ್ಲೇ ಬಿಟ್ಟು ಎದ್ದುಹೋದ. ಕಾಕಾ ಅವನ ಬೆನ್ನನ್ನೇ ನೋಡುತ್ತ ನನ್ನ ಕಿವಿಯಲ್ಲಿ ಹೇಳಿದ: "ಅಂವ ಯಾಕ ಹಂಗ ಓಡಿದ? ಅಂವನ ಮ್ಯಾಲೂ ನನಗ ಡೌಟ್ ಐತಿ."

ನಮ್ಮ ಕಾಕಾನಷ್ಟು ಸಂಶಯದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದ್ದರೆ ಕರೆದುಕೊಂಡು ಬನ್ನಿ. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕೂತರೆ ಊರಿಗೆ ಸ್ವಲ್ಪ ಶಾಂತಿ ಸಿಗುತ್ತದೆ.

ಒಮ್ಮೆ ತಲೆ ತಿರುಗಿತೆಂದು ನನ್ನ ಟಂಟಂ ರಿಕ್ಷಾದಲ್ಲಿ ಅವನನ್ನು ವಿಜಯಪುರದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬಿಪಿ ನೋಡಲು ಡಾಕ್ಟರು ತೋಳಿಗೆ ಪಟ್ಟಿ ಸುತ್ತಲು ಬಂದರು. ಕಾಕಾ ಕೈ ಹಿಂದಕ್ಕೆ ಎಳೆದುಕೊಂಡ. "ಮೊದ್ಲ ನಿಮ್ಮ ಕೈಗಿ ಕಟ್ಕೊಂಡು ತೋರಸ್ರಿ ಸಾಹೇಬ್ರ. ಮಿಶಿನ್ ಖರೇ ಹೇಳತೈತೋ ಸುಳ್ಳ ಹೇಳತೈತೋ ನೋಡೂಣು." ಹೊರಗೆ ಪೇಷಂಟುಗಳ ಸಾಲು ಇತ್ತು. ವಾದ ಯಾಕೆಂದು ಡಾಕ್ಟರು ಕಟ್ಟಿಕೊಂಡರು. ಡಾಕ್ಟರದೇ ಹೆಚ್ಚು ಬಂತು! ಅವತ್ತಿನಿಂದ ಡಾಕ್ಟರು ಉಪ್ಪಿನಕಾಯಿ ಬಿಟ್ಟಿದ್ದಾರೆ, ಕಾಕಾ ಡಾಕ್ಟರನ್ನು ಬಿಟ್ಟಿದ್ದಾನೆ.

ವಿಜಯಪುರದ ಸಿದ್ಧೇಶ್ವರ ಗುಡಿಗೆ ಹೋದರೆ ಎರಡೂ ಚಪ್ಪಲಿಯನ್ನು ಒಂದೇ ಕಡೆ ಬಿಡುವುದಿಲ್ಲ. ಒಂದು ಇಲ್ಲಿ, ಒಂದು ಅಲ್ಲಿ. ಕಳ್ಳನಿಗೆ ಜೋಡಿ ಸಿಗಬಾರದು! ಒಂದು ಸಲ ಎರಡನೆಯದನ್ನು ಎಲ್ಲಿ ಬಿಟ್ಟೆನೆಂದು ಮರೆತು ಒಂದೇ ಚಪ್ಪಲಿಯಲ್ಲಿ ತಿಕೋಟಾಕ್ಕೆ ಬಂದ. ದಾರಿಯುದ್ದಕ್ಕೂ ಕಳ್ಳನನ್ನೇ ಬೈದ. ಯಾವ ಕಳ್ಳ?

ಇದಕ್ಕೆಲ್ಲ ಅವನ ಕಸುಬೇ ಕಾರಣ. ಕಾಕಾ ಎತ್ತಿನ ದಲ್ಲಾಳಿ. ಮೀಸೆ ಬರುವ ಮೊದಲಿನಿಂದ ದನದ ಸಂತೆಯಲ್ಲಿ ನಿಂತವನು. ಅಲ್ಲಿ ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಹರೆಯದ್ದು ಅನ್ನುತ್ತಾರೆ. ಕುಂಟುವ ಎತ್ತನ್ನು ಮೆತ್ತನೆಯ ಮಣ್ಣಿನಲ್ಲೇ ನಡೆಸಿ ತೋರಿಸುತ್ತಾರೆ. ಅಂಥಲ್ಲಿ ಹೊಟ್ಟೆ ಹೊರೆದವನು ಜಗತ್ತನ್ನೇ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಅವನಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದದ್ದೂ ಸಂಶಯದಿಂದಲೇ.

ಕಾಕಾನಿಗೆ ಒಬ್ಬಳೇ ಮಗಳು, ದಾನಮ್ಮ. ನಾವೆಲ್ಲ ದಾನಿ ಅನ್ನುತ್ತೇವೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ದಿನಾ ಬಸ್ಸಿನಲ್ಲಿ ವಿಜಯಪುರದ ಕಾಲೇಜಿಗೆ ಹೋಗುತ್ತಾಳೆ. ಕಾಲೇಜು ಬಿಟ್ಟ ಮೇಲೂ ಮನೆಗೆ ಬರಲು ಹೊತ್ತಾಗತೊಡಗಿತು. ಕೇಳಿದರೆ "ಅಲ್ಲೇ ಜಲನಗರದಾಗ ಆಟ ಆಡಾಕತ್ತೇನಿ" ಅಂದಳು. ಯಾವ ಆಟ, ಯಾರ ಜೊತೆ? ಕಾಕಾ ಕೇಳಲಿಲ್ಲ. ಕೇಳಿ ತಿಳಿದುಕೊಳ್ಳುವವನು ಸಂಶಯದ ಮನುಷ್ಯ ಹೇಗಾದಾನು? ಮುಖಕ್ಕೆ ಟವೆಲ್ ಸುತ್ತಿಕೊಂಡು ಅವಳ ಹಿಂದೆಯೇ ಇನ್ನೊಂದು ಬಸ್ಸಿಗೆ ಹೋಗಿ, ಮೈದಾನದ ಕಾಂಪೌಂಡ್ ಗೋಡೆಯ ಹಿಂದೆ ಕೂತು ಇಣುಕಿದ.

ವಾಚ್‌ಮನ್ ಬಂದು ಕೊರಳಪಟ್ಟಿ ಹಿಡಿದ. "ಏನ್ ಹಿರ್ಯಾರ, ಈ ವಯಸ್ಸಿನ್ಯಾಗ ಹುಡುಗ್ಯಾರ ಆಟ ಕದ್ದು ನೋಡಾಕತ್ತೀರಿ? ನಾಚ್ಕಿ ಬರೂದಿಲ್ಲ?"

"ನನ್ನ ಮಗಳನ್ನ ನಾ ನೋಡಿದ್ರ ಕದ್ದು ನೋಡಿದಂಗ ಹ್ಯಾಂಗ ಆಕ್ಕೈತ್ಯೋ?"

"ಹಂಗಾರ ಮುಖಾ ಯಾಕ ಮುಚ್ಕೊಂಡೀರಿ?"

ಕಾಕಾ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಗಲಾಟೆ ಕೇಳಿ ದಾನಿ ಗೋಡೆಯ ಹತ್ತಿರ ಬಂದಳು. ಕೈಯಲ್ಲಿ ಚೆಂಡು, ಮೈಯೆಲ್ಲ ಬೆವರು. "ಅಪ್ಪಾ, ಒಳಗ ಬಂದು ಕೂಡು. ಅಲ್ಲಿ ಇರಿವಿ ಅದಾವ" ಅಂದಳು. ಅಷ್ಟೇ. ಬೈಯಲಿಲ್ಲ, ನಗಲಿಲ್ಲ.

ಒಳಗೆ ಕೂತವನು ಮೊದಲು ಬುಟ್ಟಿಯ ಮೇಲೆಯೇ ಸಂಶಯಪಟ್ಟ. "ತಳಾ ಇಲ್ಲದ ಬುಟ್ಟ್ಯಾಗ ಹಾಕಿ ಏನ್ ಫಾಯದೇ? ಹಾಕಿದ್ದೆಲ್ಲಾ ಕೆಳಗ ಬೀಳಾಕತ್ತೈತಿ!" ಆದರೆ ಮಗಳು ಗಾಳಿಯಲ್ಲಿ ಹಾರಿ ಅದೇ ಬುಟ್ಟಿಗೆ ಚೆಂಡು ಹಾಕಿದಾಗ ಟವೆಲ್ ಬೀಸಿ ಕೂಗಿದವರಲ್ಲಿ ಅವನೇ ಮೊದಲು. ಆಮೇಲೆ ದಿನಾ ಬೆಳಿಗ್ಗೆ ಅಪ್ಪ ಮಗಳು ಒಂದೇ ಮೊಬೈಲಿಗೆ ತಲೆ ಹಚ್ಚಿ ಅಮೇರಿಕದ ಪಂದ್ಯ ನೋಡತೊಡಗಿದರು. ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿ ಆಟ ನಡೆದಿರುತ್ತದೆ. ಕಾಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಮನ್ಯಾಗಿನ ಆಕಳಾ ಒದರಾಕತ್ತೈತಿ, ಇವರು ಅಮೇರಿಕಾ ಕಾಯಾಕತ್ತಾರ" ಎಂದು ಗೊಣಗುತ್ತಿದ್ದಳು.

ಅಲ್ಲಿ ಒಬ್ಬ ಆಟಗಾರ ಇದ್ದ. ಇಬ್ಬರಿಗೂ ಅವನೆಂದರೆ ಜೀವ. ಕಾಕಾ ಅವನ ಹೆಸರು ಹೇಳುವುದಿಲ್ಲ, ನಾಲಿಗೆ ತಿರುಗುವುದಿಲ್ಲ. "ನಮ್ಮ ಹೋರಿ" ಅನ್ನುತ್ತಾನೆ. "ನಡಿಗಿ ನೋಡ ಅಂವಂದು! ಭುಜಾ ನೋಡ! ಇಂಥಾದು ಜಾತ್ರ್ಯಾಗ ಒಂದ ಇರತೈತಿ." ಆ ಹೋರಿ ಈ ಬೇಸಿಗೆಯಲ್ಲಿ ತನ್ನ ತಂಡಕ್ಕೆ ಹೇಳಿಬಿಟ್ಟಿತು: ಸಾಕು, ನನ್ನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಿ. ಇನ್ನೊಂದು ತಂಡ ಕೈಚಾಚಿ ನಿಂತಿತ್ತು. ಮಾತುಕತೆ ಶುರುವಾಯಿತು. ಶುರುವಾದದ್ದು ಮುಗಿಯಲೇ ಇಲ್ಲ! ಒಂದು ದಿನ "ಇನ್ನೇನು ಆಯಿತು" ಅನ್ನುತ್ತಾರೆ. ಮರುದಿನ "ಮುರಿದುಬಿತ್ತು" ಅನ್ನುತ್ತಾರೆ. ಅದರ ಮರುದಿನ "ಮತ್ತೆ ಕೂತಿದ್ದಾರೆ" ಅನ್ನುತ್ತಾರೆ. ಯಾರ ಮಾತು ನಂಬಬೇಕು?

ಕಾಕಾನ ಪ್ರಕಾರ ತೊಂದರೆ ಒಂದೇ. ಅಮೇರಿಕದವರ ಬಳಿ ಟವೆಲ್ ಇಲ್ಲ.

ದನದ ಸಂತೆ ನೋಡದವರಿಗೆ ಹೇಳುತ್ತೇನೆ. ನಮ್ಮಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ಕೈ ಕೈ ಹಿಡಿದು ಮೇಲೆ ಟವೆಲ್ ಹಾಕುತ್ತಾರೆ. ಒಳಗೆ ಬೆರಳು ಹಿಡಿದೇ ಎಲ್ಲ ಮಾತು. ಸುತ್ತ ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಎಲೆಅಡಿಕೆ ಬಾಯಲ್ಲಿ ಕೆಂಪಾಗುವುದರೊಳಗೆ ವ್ಯಾಪಾರ ಮುಗಿದಿರುತ್ತದೆ.

"ಇವರು ಎಲ್ಲಾ ಬಾಯಿಲೆ ಮಾಡ್ತಾರ, ಟೀವ್ಯಾಗ ಮಾಡ್ತಾರ. ಊರೆಲ್ಲಾ ಕೇಳಿದ ಮ್ಯಾಲ ಯಾವ ದಲ್ಲಾಳಿ ಕೆಳಗ ಇಳೀತಾನ? ಮಾನದ ಪ್ರಶ್ನೆ ಬರತೈತಿ!"

ಅಷ್ಟರಲ್ಲಿ ದಾನಿ ಇನ್ನೊಂದು ಸಂಗತಿ ಹೇಳಿದಳು. ಹೋರಿಯ ಬದಲು ಆ ತಂಡದವರು ಕೆಲವು ಆಟಗಾರರನ್ನು ಕೊಡುತ್ತಾರೆ, ಜೊತೆಗೆ ಮುಂದಿನ ವರ್ಷಗಳಲ್ಲಿ ಬರುವ ಹೊಸ ಹುಡುಗರನ್ನು ಆರಿಸಿಕೊಳ್ಳುವ ಹಕ್ಕನ್ನೂ ಕೊಡುತ್ತಾರೆ. ಕಾಕಾ ಎದ್ದೇ ನಿಂತ.

"ಅಂದ್ರ ಎಮ್ಮಿ ಇನ್ನೂ ಗಬ್ಬಾಗಿಲ್ಲ, ಕರಾ ಮಾತ್ರ ನಿಂದು ಅಂತಾರ! ನೋಡಿದ್ಯೋ? ನಾ ಹೇಳಲಿಲ್ಲಾ, ಇದ್ರಾಗ ಏನೋ ಐತಿ ಅಂತ?"

ಬಬಲೇಶ್ವರದಲ್ಲಿ ಕಾಕಾನ ಹಳೆಯ ಜೊತೆಗಾರ ಒಬ್ಬರಿದ್ದಾರೆ. ಅವರೂ ಎತ್ತಿನ ದಲ್ಲಾಳಿ. ನಾನು ಚಾಚಾ ಅನ್ನುತ್ತೇನೆ. ಕಾಕಾನೇ ಅವರಿಗೆ ಈ ಆಟದ ರೋಗ ಅಂಟಿಸಿದ್ದು. ಕಾಕಾ ಹೋರಿಯ ತಂಡ ಹಿಡಿದನೆಂದ ಮೇಲೆ ಚಾಚಾ ಎದುರಿನದನ್ನು ಹಿಡಿಯಲೇಬೇಕಲ್ಲ? ಹೋರಿಯನ್ನು ಕೊಳ್ಳಲು ನಿಂತದ್ದು ಚಾಚಾನ ತಂಡ.

ಒಂದು ದಿನ ಕಾಕಾ ನನ್ನ ಟಂಟಂ ಹತ್ತಿ, "ನಡಿ ಬಬಲೇಶ್ವರಕ್ಕ. ಇದನ್ನ ಇವತ್ತ ಮುಗಿಸಿ ಬರೂಣು" ಅಂದ. ಅಲ್ಲಿನ ಹೋಟೆಲಿನಲ್ಲಿ ಚಾಚಾ ಕಾಯುತ್ತ ಕೂತಿದ್ದರು.

"ಬಾ ದೋಸ್ತ. ನಿನ್ನ ಹೋರಿ ಕಾಲು ನೆಟ್ಟಗ ಅದಾವೇನು?"

"ನಿನ್ನ ನಾಲಿಗಿಗಿಂತ ನೆಟ್ಟಗ ಅದಾವ. ತಗಿ ಕೈ."

ಟವೆಲ್ ಬಿತ್ತು. ಇಬ್ಬರ ಮುಖವೂ ಕಲ್ಲಿನಂತಾಯಿತು. ಹೋಟೆಲಿನವನು ಒಗ್ಗರಣೆ ಮರೆತು ನೋಡಿದ, ಈರುಳ್ಳಿ ಹೊತ್ತಿತು. ಟವೆಲ್ ಕೆಳಗೆ ಕೈಗಳು ಮಿಸುಕಾಡಿದವು. ಚಾಚಾ ಒಮ್ಮೆ ತಲೆ ಅಲ್ಲಾಡಿಸಿದರು, ಕಾಕಾ ಒಮ್ಮೆ ಎದ್ದುಹೋಗುವವನಂತೆ ನಟಿಸಿದ. ಆಮೇಲೆ ಟವೆಲ್ ಮೇಲೆದ್ದಿತು. "ಮುಗೀತು!" ಎಂದರು ಇಬ್ಬರೂ. ಎದುರಿಗಿಟ್ಟ ಚಹಾ ಇನ್ನೂ ಬಿಸಿಯಾಗಿತ್ತು.

ಅಮೇರಿಕದ ವ್ಯಾಪಾರ ಬಬಲೇಶ್ವರದಲ್ಲಿ ಮುಗಿಯಿತು! ಆದರೆ ಸುದ್ದಿ ಅಮೇರಿಕಕ್ಕೆ ತಲುಪಲಿಲ್ಲ. ಅಲ್ಲಿಯವರು ಹಾಗೇ ಎಳೆಯುತ್ತಿದ್ದರು. ಇನ್ನೂ ಕೆಟ್ಟದ್ದೆಂದರೆ ಚಾಚಾ ತನಗೆ ಟೋಪಿ ಹಾಕಿದರೆಂದು ಕಾಕಾನಿಗೆ, ಕಾಕಾ ತಮಗೆ ಟೋಪಿ ಹಾಕಿದನೆಂದು ಚಾಚಾನಿಗೆ ಸಂಶಯ ಬಂತು. ಇಲ್ಲದ ಹೋರಿಗಾಗಿ ಇಬ್ಬರೂ ಮಾತು ಬಿಟ್ಟರು. ಹೇಳಿ, ಇವರನ್ನು ಏನು ಮಾಡಬೇಕು?

ಇದೇ ಹೊತ್ತಿಗೆ ದಾನಿಗೆ ಆಟ ಕಲಿಸುವ ಮೇಡಂ ಫೋನ್ ಮಾಡಿದರು. ದೂರದ ಊರಿನ ಕ್ರೀಡಾ ಹಾಸ್ಟೆಲಿಗೆ ದಾನಿ ಆಯ್ಕೆಯಾಗಿದ್ದಾಳೆ. ಅಲ್ಲೇ ಇರುವುದು, ಅಲ್ಲೇ ಓದುವುದು, ಅಲ್ಲೇ ಆಡುವುದು. ತಂದೆ ಹೂಂ ಅಂದರೆ ಸಾಕು.

ಕಾಕಾ ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ. "ನೋಡೂಣ್ರಿ" ಅಂದ.

ಶುರುವಾಯಿತು. "ಊಟ ಪುಕ್ಕಟ ಅಂತಾರ. ಪುಕ್ಕಟ ಯಾಕ?" ಮೇಡಂ ಸಮಾಧಾನದಿಂದ ಹೇಳಿದರು. "ಬೂಟೂ ಅವರ ಕೊಡ್ತಾರಂತ. ನಮ್ಮ ಬೂಟಿಗೇನಾಗೈತಿ?" ಮತ್ತೆ ಹೇಳಿದರು. "ಅಕಿ ಎತ್ತರ ಎರಡ ಸಲ ಯಾಕ ಅಳದ್ರು?" ಅದಕ್ಕೆ ಮೇಡಂ ಏನು ಹೇಳಬೇಕು? ದಿನಕ್ಕೊಂದು ಪ್ರಶ್ನೆ. ಒಂದು ಮುಗಿದರೆ ಇನ್ನೊಂದು. ದಾನಿ ಅಂಗಳದಲ್ಲಿ ಚೆಂಡು ಕುಟ್ಟುವುದನ್ನು ನಿಲ್ಲಿಸಿದಳು. ಕೊನೆಗೆ ಮೇಡಂ ಕಡ್ಡಿ ಮುರಿದಂತೆ ಹೇಳಿದರು: ಸೋಮವಾರ ಹೇಳದಿದ್ದರೆ ಆ ಜಾಗ ಬೇರೆ ಹುಡುಗಿಗೆ ಹೋಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ಕಾಕಾ ಎಂದಿನಂತೆ ಮೊಬೈಲ್ ಹಿಡಿದು ಅಮೇರಿಕವನ್ನು ಬೈಯುತ್ತಿದ್ದ.

"ಇನ್ನೂ ಬಿಡವಲ್ರು! ಹೋಗ್ತೀನಿ ಅಂತ ಆ ಹುಡುಗ ಬಾಯಿ ಬಿಟ್ಟು ಹೇಳ್ಯಾನ. ಆಡೂ ವಯಸ್ಸು ಹೊಂಟೈತಿ. ಹಿಡ್ಕೊಂಡು ಏನ್ ಮಾಡ್ತಾರ ಇವರು? ಏನ್ ಬ್ಯಾನಿ ಇವರಿಗೆ?"

ದಾನಿ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ನಿನಗೇನ ಬ್ಯಾನಿ ಅಪ್ಪಾ?"

ರೊಟ್ಟಿ ಬಡಿಯುತ್ತಿದ್ದ ಕಾಕಿ ಒಲೆಯಿಂದ ಈ ಕಡೆ ತಿರುಗಿದಳು. ನನಗೆ ಸುಮ್ಮನಿರಲು ಬರುವುದಿಲ್ಲ. "ಕಾಕಾ, ನನಗ ನಿನ್ನ ಮ್ಯಾಲ ಡೌಟ್ ಐತಿ" ಅಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದ. ಆಮೇಲೆ ನನಗೆ ಹೇಳುವವನಂತೆ ಹೇಳಿದ. "ಕೊಡೂ ಮನಸ್ಸಿಲ್ಲದವ ಕೊಡಂಗಿಲ್ಲ ಅನ್ನೂದಿಲ್ಲೋ ತಮ್ಮಾ. ಬರೇ ಅದು ಇದು ಕೇಳ್ಕೋತ ಹೊತ್ತು ಹಾಕ್ತಾನ. ಅಂವಗೂ ಗೊತ್ತಿರತೈತಿ, ಕೊಡಬೇಕಂತ."

ಮೊಬೈಲ್ ಆರಿಸಿ ಎದ್ದು ಆಕಳ ಹತ್ತಿರ ಹೋದ. ಮಧ್ಯಾಹ್ನದವರೆಗೂ ಒಳಗೆ ಬರಲಿಲ್ಲ.

ಸೋಮವಾರ ಕಾಕಾ, ದಾನಿ, ನಾನು ಮೂವರೂ ಜಲನಗರದ ಮೈದಾನಕ್ಕೆ ಹೋದೆವು. ಕಾಕಾ ಮೇಡಂ ಎದುರು ನಿಂತು ತಲೆಯ ಮೇಲಿನ ಬಿಳಿ ಟೋಪಿ ತೆಗೆದ. "ಕರ್ಕೊಂಡು ಹೋಗ್ರಿ" ಅಂದ. ಮೇಡಂಗೆ ನಂಬಿಕೆಯೇ ಬರಲಿಲ್ಲ. "ಇನ್ನೇನರೆ ಕೇಳೂದೈತೇನ್ರಿ?" ಅಂದರು.

"ಕೇಳೂದೇನಿಲ್ಲ. ಹೇಳೂದೈತಿ. ನೀಯತ್ತಿನ ದಲ್ಲಾಳಿ ಕೈ ಬದಲಾಗೂ ಹೊತ್ತಿನ್ಯಾಗ ದನದಾಗ ಇದ್ದಬದ್ದ ಖೋಡಿ, ಕುಂದು ಎಲ್ಲಾ ಹೇಳಿಬಿಡ್ತಾನ್ರಿ. ಆಮ್ಯಾಲ ಮಾತು ಬರಬಾರದು."

ಹೇಳತೊಡಗಿದ. "ಎಡಗೈ ಇನ್ನೂ ಸಡಲ ಐತಿ. ಸಿಟ್ಟು ಬಾಳ. ಸೋತ ದಿನ ಉಣ್ಣೂದಿಲ್ಲ, ಬಾಜೂಕ ಕುಂತು ಉಣಿಸ್ಬೇಕು. ಬೈದ್ರ ಎದುರ ಮಾತಾಡ್ತಾಳ, ಆದ್ರ ಮರುದಿನ ಹೇಳಿದಂಗ ಕೇಳ್ತಾಳ." ಒಂದೊಂದು ಖೋಡಿಗೂ ಅವನ ದನಿ ಇಳಿಯುತ್ತ ಹೋಯಿತು. ಕೊನೆಯದು ಪಕ್ಕದಲ್ಲಿ ನಿಂತ ನನಗೇ ಕಷ್ಟದಿಂದ ಕೇಳಿಸಿತು, ಮೇಡಂ ಬಗ್ಗಿ ಕೇಳಿಸಿಕೊಂಡರು. "ಅಳೂದು ಯಾರಿಗೂ ತೋರಸೂದಿಲ್ರಿ. ಮುಖಾ ತೊಳ್ಕೊಂಡು ಬರ್ತೀನಿ ಅಂತ ಹೋಗ್ತಾಳ. ಬಾಳ ಹೊತ್ತು ನೀರಿನ ಸಪ್ಪಳಾ ಬಂದ್ರ, ಹೋಗಿ ನೋಡ್ರಿ."

ಆಗಲೇ ನಾವು ಗಮನಿಸಿದ್ದು. ದಾನಿ ನಮ್ಮ ಹತ್ತಿರ ಇರಲಿಲ್ಲ. ಮೈದಾನದ ಮೂಲೆಯಲ್ಲಿ ನಳದ ನೀರು ಬೀಳುವ ಸಪ್ಪಳ ಬರುತ್ತಿತ್ತು. ನಿಲ್ಲುತ್ತಲೇ ಇರಲಿಲ್ಲ.

ಮೇಡಂ ಆ ಕಡೆ ಹೊರಟರು. ಕಾಕಾ ಕೈ ಅಡ್ಡ ಹಿಡಿದ.

"ಇವತ್ತೊಂದಿನ ನಾ ಹೋಗ್ತೀನ್ರಿ."

ಹೋದ. ನಾನು ಈ ಕಡೆ ಮುಖ ತಿರುಗಿಸಿ ನಿಂತೆ. ಮುಂದೆ ಏನಾಯಿತೆಂದು ನೋಡಲಿಲ್ಲ, ನೀರಿನ ಸಪ್ಪಳ ನಿಂತದ್ದು ಮಾತ್ರ ಕೇಳಿಸಿತು. ಇಷ್ಟೇ. ನಾನು ಹೇಳುವುದು ಇನ್ನೇನೂ ಇಲ್ಲ.