ಹೆಸರಿನ ಐದು ಸಾಲು

ವರ್ಷಗಟ್ಟಲೆ ಪ್ರೋಗ್ರಾಮರ್ ಎಂದು ಸಂಬಳ ತೆಗೆದುಕೊಂಡವನು ಹೇಳಬಾರದ ಮಾತೊಂದನ್ನು ಹೇಳಿಬಿಡುತ್ತೇನೆ: ನಾನು ಬರೆದದ್ದು ಕಡಿಮೆ, ಅಂಟಿಸಿದ್ದು ಹೆಚ್ಚು. ನಮ್ಮ ಕಸುಬಿನಲ್ಲಿ ಇದು ಅಪರಾಧವೇನಲ್ಲ. ಹೊಸ ಸರ್ವರ್ ಬಂದಾಗಲೆಲ್ಲ ಅದೇ ಹತ್ತು ಹದಿನೈದು ಸಾಲುಗಳ ಕೋಡ್ ತುಣುಕು ಬೇಕಾಗುತ್ತದೆ. ಒಮ್ಮೆ ಬರೆದು ಎತ್ತಿಟ್ಟರೆ ಮುಂದಿನ ಸಲ ತೆಗೆದು ಅಂಟಿಸಿದರಾಯಿತು. ಸಾರು ಮಾಡುವಾಗಲೆಲ್ಲ ಯಾರೂ ಧನಿಯ ಹುರಿಯುತ್ತಾ ಕೂರುವುದಿಲ್ಲ, ಡಬ್ಬಿಯಿಂದ ಎರಡು ಚಮಚ ಪುಡಿ ಹಾಕುತ್ತಾರೆ. ಈ ಹೋಲಿಕೆಯನ್ನು ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದೆ. ಅಂದಿನಿಂದ ನಮ್ಮ ಪೆರುಂಗುಡಿ ಆಫೀಸಿನಲ್ಲಿ ನನ್ನ ತುಣುಕುಗಳ ಫೈಲಿಗೆ ‘ಪುಡಿ ಡಬ್ಬಿ’ ಎಂದೇ ಹೆಸರಾಯಿತು. ಸೀಟುಗಳ ನಡುವಿನ ಅಡ್ಡಹಲಗೆಯ ಮೇಲಿಂದ ಒಂದು ತಲೆ ಇಣುಕಿ ತಮಿಳಿನಲ್ಲಿ ಸ್ವಲ್ಪ ಪುಡಿ ಬೇಡುತ್ತಿತ್ತು. “ನಾಗು ಸಾರ್, ಕೊಂಜಂ ಪೊಡಿ!” ನಾನು ಉದಾರವಾಗಿ ಕೊಡುತ್ತಿದ್ದೆ.

ಉದಾರವಾಗಿ ಎಂದೆ, ಪೂರ್ತಿ ನಿಜವಲ್ಲ. ಪ್ರತಿ ತುಣುಕಿನ ನೆತ್ತಿಯ ಮೇಲೆ ಐದು ಸಾಲು ಇರುತ್ತಿದ್ದವು. ಅವನ್ನು ಕಂಪ್ಯೂಟರ್ ಓದುವುದಿಲ್ಲ, ಮನುಷ್ಯರಿಗೆಂದೇ ಬರೆದವು. ನನ್ನ ಹೆಸರು ನಾಗಭೂಷಣ, ದೊಡ್ಡಕ್ಷರಗಳಲ್ಲಿ; ಇನಿಷಿಯಲ್ಲು, ಡಿಗ್ರಿ, ತಾರೀಖು; ಕೊನೆಗೆ, ಬಳಸುವವರು ದಯವಿಟ್ಟು ಹೆಸರನ್ನು ಉಳಿಸಿಕೊಳ್ಳಬೇಕೆಂಬ ವಿನಂತಿ. ತುಣುಕುಗಳಲ್ಲಿ ಅರ್ಧಕ್ಕರ್ಧ ನಾನು ಬೇರೆಯವರಿಂದ ಎತ್ತಿಕೊಂಡವು. ಅವರ ಹೆಸರನ್ನು ನಾನು ಉಳಿಸಿಕೊಂಡಿರಲಿಲ್ಲ.

ಇವುಗಳಲ್ಲಿ ಒಂದು ತುಣುಕು ಅಪಾಯದ್ದು. ಅದು ಹಳೆಯ ಫೋಲ್ಡರನ್ನು ಮೊದಲು ಅಳಿಸಿ, ಆ ಜಾಗದಲ್ಲಿ ಹೊಸದನ್ನು ಹಾಕುತ್ತದೆ. ಯಾವ ಫೋಲ್ಡರ್ ಎಂದು ನಾವು ತುಂಬಬೇಕು. ತುಂಬದೆ ಖಾಲಿ ಬಿಟ್ಟರೆ ಅದು ‘ಯಾವುದು?’ ಎಂದು ಕೇಳುವುದಿಲ್ಲ, ಎಲ್ಲವನ್ನೂ ಅಳಿಸಲು ಹೊರಡುತ್ತದೆ. ಇದು ನನಗೆ ಹೇಗೆ ಗೊತ್ತೆಂದರೆ, ಒಂದು ಮಧ್ಯಾಹ್ನ ಅದು ನನ್ನ ಸ್ವಂತ ಕಂಪ್ಯೂಟರನ್ನೇ ನುಂಗಿತ್ತು. ಆಫೀಸಿನಲ್ಲಿ ‘ಡಿಸ್ಕ್ ಕೆಟ್ಟಿತು’ ಎಂದೆ. ರಿಪೇರಿಯವನು ಬಂದು, ಅದನ್ನು ತಿರುಗಿಸಿ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿ ಹೊಸದನ್ನು ಹಾಕಿಹೋದ. ಹಳೆಯ ಡಿಸ್ಕಿಗೆ ಏನೂ ಆಗಿರಲಿಲ್ಲ.

ಆವತ್ತೇ ಒಂದು ಸಾಲು ಎಚ್ಚರಿಕೆ ಬರೆಯಬೇಕಿತ್ತು. ಬರೆಯಲು ಕೂತೆ ಕೂಡ. ಆದರೆ ಓದಿದವರು ‘ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳುತ್ತಾರಲ್ಲ! ನನ್ನ ಹೆಂಡತಿ ಸುಧಾ ಪಕ್ಕದ ಮನೆಗೆ ಚಟ್ನಿಪುಡಿ ಕೊಡುವಾಗ ಡಬ್ಬಿಗೆ ಚೀಟಿ ಅಂಟಿಸುತ್ತಾಳೆ: ‘ಖಾರ ಜಾಸ್ತಿ ಆಗಿದೆ, ಅರ್ಧ ಚಮಚ ಸಾಕು.’ “ನಿನ್ನ ಕೈ ತಪ್ಪಿದ್ದನ್ನು ಊರಿಗೆಲ್ಲ ಯಾಕೆ ಸಾರ್ತೀಯ?” ಎಂದು ನಾನು ನಕ್ಕಿದ್ದೆ. “ಇನ್ನೊಬ್ಬರ ನಾಲಿಗೆ ಸುಡೋದಕ್ಕಿಂತ ನನ್ನ ಮಾನ ಹೋಗೋದು ವಾಸಿ ಕಣ್ರೀ,” ಎಂದಿದ್ದಳು. ನಾನು ಎಚ್ಚರಿಕೆ ಬರೆಯಲಿಲ್ಲ.

ಆಮೇಲೆ ಶೈಲಜಾ ಬಂದಳು. ರೈಲ್ವೆ ನೌಕರರ ಮಗಳು, ಪೆರಂಬೂರಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುವವಳು. ಕೆಲಸಕ್ಕೆ ಸೇರಿ ಆರು ತಿಂಗಳು ತುಂಬುತ್ತಿತ್ತು. ಅವಳನ್ನು ಕಾಯಂ ಮಾಡುವ ಪತ್ರಕ್ಕೆ ಮೇನೇಜರ್ ವರದರಾಜನ್ ಸಹಿ ಹಾಕುವುದಷ್ಟೇ ಬಾಕಿ. ಆ ವಾರ ಅವಳು ನನ್ನ ಡಬ್ಬಿಯಿಂದ ಆ ತುಣುಕನ್ನು ತೆಗೆದಳು, ಅಂಟಿಸಿದಳು, ಫೋಲ್ಡರಿನ ಹೆಸರು ತುಂಬಲು ಮರೆತಳು. ನಾಲ್ಕು ಜನರ ಮೂರು ದಿನದ ಕೆಲಸ ಹೋಯಿತು.

ಮೀಟಿಂಗಿನಲ್ಲಿ ವರದರಾಜನ್ ಅವಳ ಕಡೆ ತಿರುಗಿ, ಹೇಗಾಯಿತೆಂದು ಕೇಳಿದರು. “ಎಪ್ಪಡಿಮ್ಮಾ ಆಚ್ಚು?”

“ಎನ್ ತಪ್ಪು ತಾನ್ ಸಾರ್. ಪಾಕ್ಕಾಮ ಒತ್ತಿಬಿಟ್ಟೆ,” ಎಂದಳು. ನೋಡದೆ ಒತ್ತಿದೆನೆಂದು ಒಪ್ಪಿಕೊಳ್ಳುವಾಗಲೂ ಎರಡು ಭಾಷೆ.

ಆಗ ನನ್ನ ಬಾಯಿ ತೆರೆದದ್ದು ನಿಜ. ಅದರೊಳಗೆ ತಟ್ಟೆಯಲ್ಲಿದ್ದ ಒಂದು ಬಿಸ್ಕತ್ತು ಇಟ್ಟೆ. “ಕನ್ಫರ್ಮೇಷನ್ ವಿಷಯ ಪಾಕ್ಕಲಾಂ,” ಎಂದು ವರದರಾಜನ್ ಎದ್ದುಹೋದರು. ನೋಡೋಣ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು.

ಸಂಜೆ ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಆತ್ಮಸಾಕ್ಷಿ ಎಂದು ಬರೆದರೆ ಚೆನ್ನಾಗಿರುತ್ತದೆ. ಕಾಡಿದ್ದು ಆ ಐದು ಸಾಲು. ಮೇನೇಜರ್ ಆ ತುಣುಕನ್ನು ತೆರೆದರೆ ಮೊದಲು ಕಾಣುವುದೇ ನನ್ನ ಹೆಸರು! ತಡೆಯಲಾಗದೆ ಸುಧಾಗೆ ಎಲ್ಲ ಹೇಳಿದೆ.

“ಆ ಹುಡುಗಿ ಕೆಲಸ ಹೋಗತ್ತಾ?”

“ಕಾಯಂ ಆಗೋದು ನಿಲ್ಲಬಹುದು.”

“ಮತ್ತೆ ನನ್ ಹತ್ರ ಹೇಳ್ಕೊಂಡು ಕೂತಿದ್ದೀರಲ್ಲ, ಕಾಯಂ ಮಾಡೋಕೆ ನಾನೇನು ನಿಮ್ ಮೇನೇಜರಾ?”

ಬೆಳಿಗ್ಗೆ ಹೋಗಿ ವರದರಾಜನ್ ಎದುರು ನಿಂತೆ. ತುಣುಕು ನನ್ನದು, ಅಪಾಯ ನನಗೆ ಗೊತ್ತಿತ್ತು, ಆ ಡಿಸ್ಕ್ ಕೆಟ್ಟಿರಲೇ ಇಲ್ಲ ಎಂದೆಲ್ಲ ಒಂದೊಂದಾಗಿ ಹೇಳಿದೆ. ಕೊನೆಗೆ, “ನನ್ನ ಹೆಸರನ್ನು ನೀವು ಹೇಗೂ ನೋಡಿರುತ್ತೀರಿ,” ಎಂದೆ.

“ಪೇರಾ? ಎಂದ ಪೇರು?” ಯಾವ ಹೆಸರೆಂದು ಕೇಳುತ್ತಾ ಅವರು ಮೇಜಿನ ಮೇಲಿದ್ದ ಪ್ರಿಂಟನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ ಯಾವ ಹೆಸರೂ ಇರಲಿಲ್ಲ. ತುಣುಕು ನೇರವಾಗಿ ಆರನೆಯ ಸಾಲಿನಿಂದ ಶುರುವಾಗಿತ್ತು.

ನನ್ನ ಕಣ್ಣು ತುಂಬಿತು. ಆ ಹುಡುಗಿ ನನ್ನನ್ನು ಉಳಿಸಲು ಹೆಸರನ್ನು ಅಳಿಸಿದ್ದಾಳೆ! ಸೀದಾ ಅವಳ ಸೀಟಿಗೆ ಹೋದೆ. “ನನಗೋಸ್ಕರ ಹೆಸರು ತೆಗೆದೆಯೇನಮ್ಮ?”

ಅವಳು ಗಾಬರಿಯಾಗಿ ನೋಡಿದಳು. “ಇಲ್ಲ ಸರ್... ಎಲ್ಲರೂ ತೆಗೀತಾರೆ ಸರ್. ಮೊದಲ ಅಞ್ಜು ಲೈನ್ ಸುಮ್ಮಾ ತಾನೆ ಇರೋದು? ಅದು ಕೆಲಸ ಏನೂ ಮಾಡಲ್ವಲ್ಲ.”

ಅಡ್ಡಹಲಗೆಯ ಆಚೆ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ.

ಮುಂದಿನ ತಿಂಗಳು ಶೈಲಜಾಗೆ ಅವಳ ಪತ್ರ ಬಂತು. ನನಗೂ ಒಂದು ಬಂತು. ಅದರ ಒಕ್ಕಣೆ ಬೇರೆ. ನಾನು ಎಲ್ಲ ತುಣುಕುಗಳಿಂದಲೂ ಐದು ಸಾಲುಗಳನ್ನು ತೆಗೆದುಹಾಕಿದೆ. ಅಪಾಯದ ತುಣುಕಿನ ಮೇಲೆ ಮಾತ್ರ ಒಂದು ಸಾಲು ಬರೆದೆ: ‘ಫೋಲ್ಡರ್ ಹೆಸರು ತುಂಬದಿದ್ದರೆ ಇದು ಎಲ್ಲವನ್ನೂ ಅಳಿಸುತ್ತದೆ, ಮೊದಲು ಕಳೆದುಕೊಂಡವನು ನಾಗಭೂಷಣ.’ ಆ ಸಾಲನ್ನು ಯಾರೂ ಕತ್ತರಿಸಲಿಲ್ಲ. ಕೆಲಸ ಬಿಟ್ಟು ಹೋದವರು ಹೊಸ ಆಫೀಸುಗಳಿಗೂ ಅದನ್ನು ಒಯ್ದರು.

ಕೆಲವು ವರ್ಷಗಳಾದ ಮೇಲೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದವರು ನನ್ನ ಹೆಸರು ಕೇಳಿ ಮುಖ ಅರಳಿಸಿದರು. “ನಮ್ಮ ಆಫೀಸಿನ ಸರ್ವರಲ್ಲಿ ಒಬ್ಬ ನಾಗಭೂಷಣ ಇದ್ದಾನೆ ಸಾರ್, ಎಲ್ಲ ಕಳೆದುಕೊಂಡವನು. ನೀವೇನಾ?”

“ಛೆ, ಅಲ್ಲಪ್ಪ,” ಎಂದೆ, “ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ.” ಆಮೇಲೆ ಮಾತು ಬೆಳೆಯದಿರಲೆಂದು ಬಾಯೊಳಗೆ ಒಂದು ಹಪ್ಪಳ ಇಟ್ಟೆ.