ಎಲಿವೇಶನ್ ಮೂರು ಡಿಗ್ರಿ

“ಟಿವಿ ಬರುತ್ತಿಲ್ಲ” ಎಂಬುದು ದೂರಲ್ಲ, ಕೇವಲ ಅನಿಸಿಕೆ ಎಂದು ಉಪಗ್ರಹ ಪ್ರಸಾರ ಗ್ರಾಹಕ ಮಂಡಳಿಯು ಸೋಮವಾರ ಸುತ್ತೋಲೆ ಹೊರಡಿಸಿತು. ದರ್ಜಿಯಮ್ಮನ ಮನೆಯ ಟಿವಿ ನಿಂತದ್ದು ಮಂಗಳವಾರ.

ಸೊಂಟ ಮುರಿದುಕೊಂಡು ಎರಡು ತಿಂಗಳಿಂದ ಮಲಗಿದ್ದ ಅವಳ ತಾಯಿಗೆ ಇದ್ದದ್ದು ಒಂದೇ ಧಾರಾವಾಹಿ. “ಶುಕ್ರವಾರ ಕೋರ್ಟಲ್ಲಿ ತೀರ್ಪು ಕಣೇ. ಏನಾದ್ರೂ ಮಾಡು” ಎಂದು ಮುದುಕಿ ಕಣ್ಣಲ್ಲಿ ನೀರು ತಂದುಕೊಂಡಳು. ದರ್ಜಿಯಮ್ಮ ಅರ್ಧ ಹೊಲಿದ ಅಂಗಿತೋಳನ್ನು ಮಿಷನ್ ಮೇಲೇ ಬಿಟ್ಟು ಮಂಡಳಿಗೆ ಓಡಿದಳು.

“ಪಾರಿಭಾಷಿಕ ಪದಗಳಲ್ಲಿ ಬರ್ಕೊಂಡು ಬನ್ನಿ ಅಮ್ಮ” ಎಂದ ಗುಮಾಸ್ತ, ಒಂದು ಕೈಪಿಡಿ ಕೊಟ್ಟ.

ಅವಳು ಅದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿಕೊಂಡು ಓದಿದಳು. ಅಜಿಮುತ್ ಎಂದರೆ ಡಿಶ್ ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬುದು. ಎಲಿವೇಶನ್ ಎಂದರೆ ಎಷ್ಟು ತಲೆಯೆತ್ತಬೇಕು ಎಂಬುದು. ಸಿಗ್ನಲ್ ಬಲ ಮತ್ತು ಸಿಗ್ನಲ್ ಗುಣಮಟ್ಟದ ಹತ್ತಿರ ಕೊಂಚ ತಡವರಿಸಿದಳು. ಆಮೇಲೆ ಹೊಳೆಯಿತು: ಬಟ್ಟೆ ಎಷ್ಟು ಮೀಟರ್ ಇದೆ ಅನ್ನೋದು ಬೇರೆ, ಅದರಲ್ಲಿ ಅಂಗಿ ಆಗುತ್ತಾ ಅನ್ನೋದು ಬೇರೆ!

ಬುಧವಾರ ದೂರು ದಾಖಲಾಯಿತು. ಅದೇ ಸಂಜೆ ಮಾಳಿಗೆ ಹತ್ತಿ ನೋಡಿದರೆ ನಟ್ಟು ಸಡಿಲಾಗಿ ಡಿಶ್ ತಲೆ ತಗ್ಗಿಸಿ ನಿಂತಿತ್ತು. ಎತ್ತಿ ಹಿಡಿದು ಹೊಲಿಗೆ ದಾರದಿಂದ ಬಿಗಿದಳು. ಟಿವಿ ಬಂತು.

ಗುರುವಾರ ತನಿಖಾಧಿಕಾರಿಯೂ ಬಂದರು.

“ದೂರು ಬಾಕಿ ಇರುವಾಗ ಚಿತ್ರ ಬರುವುದು ನಿಯಮ ಹದಿನಾಲ್ಕರ ಉಲ್ಲಂಘನೆ.”

“ಸರಿಹೋಯ್ತಲ್ಲ ಸಾರ್?”

“ನೀವೇ ಸರಿಮಾಡ್ಕೊಂಡ್ರೆ ನಾವು ಪರಿಶೀಲಿಸೋದು ಏನನ್ನಮ್ಮ?”

ಅವರು ತಾವೇ ಮಾಳಿಗೆ ಹತ್ತಿ, ದಾರ ಕತ್ತರಿಸಿ, ಡಿಶ್ಶನ್ನು ದೂರಿನಲ್ಲಿ ನಮೂದಾದ ಸ್ಥಿತಿಗೆ ತಂದರು. ಮೆಕ್ಯಾನಿಕ್ ಬರುವವರೆಗೆ ನೋಡುತ್ತಿರಲಿ ಎಂದು ಪರದೆಯ ಮೇಲೆ ಸಿಗ್ನಲ್ ಪುಟ ತೆರೆದಿಟ್ಟರು. ಬಲ ಎಂಬತ್ತೆರಡು, ಗುಣಮಟ್ಟ ಸೊನ್ನೆ. ದರ್ಜಿಯಮ್ಮನಿಗೆ ಅಳು ಬರುವಂತಾಯಿತು. ತಾಯಿಗೆ ಮುಖ ತೋರಿಸಲಾರದೆ ಮಿಷನ್ ಮುಂದೆ ಕೂತುಬಿಟ್ಟಳು.

ಶುಕ್ರವಾರ, ಸರಿಯಾಗಿ ತೀರ್ಪಿನ ಹೊತ್ತಿಗೆ, ಗಾಳಿ ಬೀಸಿ ಡಿಶ್ ಅಲ್ಲಾಡಿತು; ಪರದೆಯ ಮೇಲೆ ಗುಣಮಟ್ಟದ ಸೊನ್ನೆಯೂ ಕದಲಿತು.

“ಏಯ್, ಹನ್ನೊಂದಾಯ್ತು ಬಾರೇ!” ಮುದುಕಿ ಕೂಗಿದಳು. “ಹದಿಮೂರು! ಅಯ್ಯೋ, ಮತ್ತೆ ನಾಲ್ಕು. ಹಾಳಾದ್ದು!”

ಕೂಗು ಕೇಳಿ ಪಕ್ಕದ ಮನೆಯವರು ಬಂದರು. ಮರುದಿನ ಎದುರು ಮನೆಯವರು ಕುರ್ಚಿ ಸಮೇತ ಬಂದರು. ಅಂಕಿ ಹದಿನೇಳು ಮುಟ್ಟಿದ ದಿನ ಮುದುಕಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ಕೂತಳು. ದರ್ಜಿಯಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇಪ್ಪತ್ತೆರಡನೆಯ ದಿನ ಮೆಕ್ಯಾನಿಕ್ ಬಂದು ಡಿಶ್ಶನ್ನು ಮೂರು ಡಿಗ್ರಿ ಮೇಲೆತ್ತಿ ನಟ್ಟು ಬಿಗಿಮಾಡಿದ. ಗುಣಮಟ್ಟ ತೊಂಬತ್ತಾರಕ್ಕೆ ಏರಿ ಅಲ್ಲೇ ನಿಂತಿತು. ಎಲ್ಲರೂ ಐದು ನಿಮಿಷ ಕಾದರು. ಅಂಕಿ ಅಲ್ಲಾಡಲಿಲ್ಲ.

“ಇದ್ರಲ್ಲೇನಪ್ಪಾ ಸ್ವಾರಸ್ಯ?” ಎಂದಳು ಮುದುಕಿ. “ಮೊದಲು ಹೇಗಿತ್ತೋ ಹಾಗೆ ಮಾಡು.”

“ಅದಕ್ಕೆ ಬೇರೆ ಅರ್ಜಿ ಕೊಡಬೇಕಜ್ಜಿ.”

ದರ್ಜಿಯಮ್ಮ ಅಲ್ಲೇ ಕೂತು ಬರೆದಳು: “ಅಜಿಮುತ್ ಯಥಾಸ್ಥಿತಿಯಲ್ಲಿಟ್ಟು, ಎಲಿವೇಶನ್ ಮಾತ್ರ ಮೂರು ಡಿಗ್ರಿ ತಗ್ಗಿಸಿಕೊಡಬೇಕಾಗಿ ಕೋರಿಕೆ.” ಭಾಷೆಯ ನಿಖರತೆಯನ್ನು ಮೆಚ್ಚಿ ಮಂಡಳಿಯು ಅರ್ಜಿಯನ್ನು ಅಂದೇ ಮಂಜೂರು ಮಾಡಿತಲ್ಲದೆ, ಅದರ ಪ್ರತಿಯನ್ನು ಮಾದರಿಯೆಂದು ಬೀದಿಯ ಎಲ್ಲ ಮನೆಗಳಿಗೂ ಕಳಿಸಿತು.

ಈಗ ಆ ಬೀದಿಯ ಡಿಶ್‌ಗಳೆಲ್ಲ ತಲೆ ತಗ್ಗಿಸಿಕೊಂಡು ನಿಂತಿವೆ. ಸಂಜೆ ಗಾಳಿಯೆದ್ದರೆ ಸಾಕು, ಕಿಟಕಿಯಿಂದ ಕಿಟಕಿಗೆ ಕೂಗು ಹಾಯುತ್ತದೆ:

“ನಿಮ್ಮನೇಲೆಷ್ಟು?”

“ಹತ್ತೊಂಬತ್ತು!”

“ಪುಣ್ಯವಂತರು ಬಿಡಿ!”